ಎಂಜಲಿಲ್ಲದ ಬ್ಯೂಗಲ್ಲು

ಆಣೆ ಮಾಡಿ ಹೇಳ್ತೀನಿ ಕಣಯ್ಯಾ, ಒಂದಕ್ಷರ ಸೇರಿಸಿದ್ರೆ ನನ್ನ ನಾಲಿಗೆ ಸೇದಿಹೋಗ್ಲಿ! ನಡೆದದ್ದು ನಡೆದ ಹಾಗೇ ಹೇಳ್ತಿದ್ದೀನಿ. ಅರಮನೆ ಗೇಟಿನ ಕಂಬಿಗೆ ಹೊಟ್ಟೆ ಒತ್ತಿಕೊಂಡು ನಿಂತು, ಈ ಎರಡು ಕಣ್ಣಲ್ಲಿ ನೋಡಿದ್ದು. ನಿನ್ನ ತುಟಿ ಮೇಲೆ ಬ್ಯೂಗಲ್ ಇತ್ತು. ನೀನು ಸೀನಿದೆ. ಅಂಥಿಂಥ ಸೀನಲ್ಲ, ತಲೆ ಮೇಲಿನ ಟೋಪಿ ಹಾರಿ ಹೋಗೋ ಸೀನು! ಬ್ಯೂಗಲ್ ಮಾತ್ರ ಅದರ ಪಾಡಿಗೆ ಅದು ಕೂಗ್ತಾನೇ ಇತ್ತು! ಥೂ!

ಯಾಕೆ ನಗ್ತಿದ್ದೀಯ? ನಗೋ ಮಾತಾ ಇದು? ಹೂಂ, ನಗು ನಗು. ಅಲ್ಲಿ ಜನ ನಕ್ಕಿದ್ದು ಸಾಲದು ಅಂತ ನೀನೂ ನಗು.

ಎಲ್ಲಿಗೆ ಏಳ್ತೀಯ? ಕೂತ್ಕೋ. ಬೂಟು ಆಮೇಲೆ ಬಿಚ್ಚುವಂತೆ. ಅಳಿಯಂದಿರು ಅಂತ ಇಷ್ಟು ವರ್ಷ ಬನ್ನಿ ಹೋಗಿ ಅಂದೆ, ಇವತ್ತು ಬಾಯಿಗೆ ಬರ್ತಿಲ್ಲ, ಏನ್ ಮಾಡ್ಲಿ? ಅಳಿಯ ಆಗೋಕ್ಕೆ ಮುಂಚೆ ನೀನು ನನ್ನ ಶಿಷ್ಯ. ಆವಾಗ ಹೋಗೋ ಬಾರೋ ಅಂತಿರಲಿಲ್ವಾ? ಹಾಗೇ ಅನ್ಕೋ. ಮೆಲ್ಲಗೆ... ಆ ಬಾಗಿಲು ಮುಂದೆ ಮಾಡು. ಒಳಗೆ ನಿನ್ನ ಹೆಂಡ್ತಿ ಇದ್ದಾಳೆ. ಅವಳಿಗೆ ಇದೆಲ್ಲ ಬೇಡ.

ಕೊಡಿಲ್ಲಿ ಆ ಬ್ಯೂಗಲ್ಲು. ಕೊಡು ಅಂದ್ರೆ! ಏನು, ಕಚ್ಚಿ ತಿಂತೀನಾ? ನೋಡು, ಬಗ್ಗಿಸಿದೆ. ಒಂದು ತೊಟ್ಟು ಬಿತ್ತಾ? ಇಲ್ಲ. ಬೆರಳು ಹಾಕಿದ್ರೆ ಬಿಸಿಲಿಗೆ ಒಣಗಿಸಿದ ಪಾತ್ರೆ! ನಾನು ಊದಿ ಇಳಿಸಿದ್ರೆ ಅರ್ಧ ಲೋಟ ಎಂಜಲು ಸುರೀತಿತ್ತು ಕಣೋ ಇದ್ರಿಂದ. ಪಕ್ಕದಲ್ಲಿ ನಿಂತವನ ಬೂಟು ಒದ್ದೆ ಆಗ್ತಿತ್ತು. ಬೈತಿದ್ದ ಅವನು. ಬೈಲಿ! ಎಂಜಲಿಲ್ಲದ ಬ್ಯೂಗಲ್ಲು ಒಂದು ಬ್ಯೂಗಲ್ಲಾ? ಇದು ಹೂಜಿ. ಇದರಲ್ಲಿ ನೀರು ತುಂಬಿ ಗಿಡಕ್ಕೆ ಹಾಕು.

ಇದೇನಿದು ಒಳಗೆ... ಅಬ್ಬಾ, ಇದೇನಾ ಆ ಕೂಗೋ ಡಬ್ಬಿ? ಇಷ್ಟೇನಾ? ನಿಂಬೆಹಣ್ಣಿನಷ್ಟಿದೆಯಲ್ಲೋ! ಈ ಗುಂಡಿ ಒತ್ತೋದು, ಕೆನ್ನೆ ಉಬ್ಬಿಸೋದು, ಅದು ಕೂಗೋದು, ನೀನು ಕತ್ತು ಎತ್ತಿ ನಿಲ್ಲೋದು. ಛೀ ಛೀ ಛೀ... ಕೈ ತೊಳ್ಕೋಬೇಕು ಅನ್ನಿಸ್ತಿದೆ ನನಗೆ. ಯಾರ ಉಸಿರಿದು ಇದರೊಳಗೆ? ಯಾವನೋ ಎಲ್ಲೋ ಒಂದು ರೂಮಲ್ಲಿ ಕೂತು ಊದಿದ್ದು. ಯಾವನದೋ ಊದು, ನಿನ್ನ ಕೆನ್ನೆ!

ಏನು? ಆರ್ಡರಾ? ಮೇಲಿಂದ ಆರ್ಡರ್ ಅಂತಾನಪ್ಪ, ಆರ್ಡರು! ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀವೆಲ್ಲ. ನಿನ್ನ ಬ್ಯಾಂಡ್ ಮಾಸ್ಟರ್ ನಾಳೆ ಕುದುರೆ ಬೇಡ, ಚಕ್ರ ಹಾಕಿದ ಮರದ ಕುದುರೆ ಸಾಕು ಅಂದ್ರೆ ಅದನ್ನೂ ಏರ್ತೀಯ. ಏರಿ ಹುಲ್ಲೂ ಹಾಕ್ತೀಯ.

ನಾವು ಹೆಂಗೆ ಊದ್ತಿದ್ವಿ ಗೊತ್ತಾ? ನಿನಗೆ ಗೊತ್ತು, ಸಾವಿರ ಸಲ ಹೇಳಿದ್ದೀನಿ, ಇನ್ನೊಂದು ಸಲ ಕೇಳು, ಕಿವಿ ಸವೆದು ಹೋಗಲ್ಲ. ಪಹರೆ ಬದಲಾಗೋ ಹೊತ್ತು. ಹಳೇ ಕಾವಲಿನವರು ಈ ಕಡೆ, ಹೊಸಬರು ಆ ಕಡೆ. ಮಧ್ಯದಲ್ಲಿ ನಾನೊಬ್ಬ. ನಾನು ಊದದೆ ಒಬ್ಬ ಕಾಲು ಎತ್ತಂಗಿಲ್ಲ! ದೊರೆಗಳೇ ಆಗ್ಲಿ, ಕಿಟಕೀಲಿ ನಿಂತು ಕಾಯಬೇಕು ನನ್ನ ಉಸಿರಿಗೆ. ಒಂದು ಚಳಿಗಾಲ ಹಿತ್ತಾಳೆ ಬಾಯಿ ತುಟಿಗೆ ಅಂಟಿಕೊಂಡು ಕಿತ್ತಾಗ ಚರ್ಮ ಬಂತು. ಬಂತಲ್ಲ, ಆದ್ರೂ ಊದಿದೆ. ನಾನು ಊದಿದ್ರೆ ಹೆಣ ಎದ್ದು ಅಟೆನ್ಷನ್ ನಿಲ್ಲಬೇಕು! ಮುಂದಿನ ಹಲ್ಲು ಹೋದವು, ಗಾಳಿ ಸೋರೋಕೆ ಶುರುವಾಯ್ತು, ಅವತ್ತೇ ಬ್ಯೂಗಲ್ ಇಟ್ಟು ಮನೆಗೆ ಬಂದೆ. ಡಬ್ಬಿ ಕೇಳಲಿಲ್ಲ.

ಹಲ್ಲಾ? ಹಲ್ಲಿನ ವಿಷಯ ಈಗ ಯಾಕೆ? ಹೌದಪ್ಪ, ಬೆಳಿಗ್ಗೆ ಹಲ್ಲು ಕಟ್ಟಿಸ್ಕೊಂಡು ಬರ್ತೀನಿ ಅಂತಾನೇ ಹೋದೆ. ಆ ಹಲ್ಲಿನ ಡಾಕ್ಟ್ರು ಬಾಗಿಲು ಹಾಕ್ಕೊಂಡು ಎಲ್ಲಿಗೋ ಹೋಗಿದ್ದ. ಅವನ ಅತ್ತೆಗೆ ಏನೋ ಆಗಿತ್ತಂತೆ. ನನಗೇನು ಗೊತ್ತು? ಮಾತು ತಪ್ಪಿಸಬೇಡ! ಬೂಟು ಬಿಚ್ಚಿ ಉಜ್ತಾ ಕೇಳು.

ಬಾಗಿಲು ಹಾಕಿತ್ತಾ, ಸರಿ, ಅರಮನೆ ಮುಂದಿನ ಚಾ ಅಂಗಡಿಗೆ ಹೋದೆ. ಅಲ್ಲಿ ಡೋಲಣ್ಣ ಕೂತಿದ್ದ. ನಮ್ಮ ಬ್ಯಾಂಡಿನ ದೊಡ್ಡ ಡ್ರಮ್ಮಿನವನು. ಜೀವಮಾನ ಪೂರ್ತಿ ಆ ಡ್ರಮ್ಮಿನ ಹಿಂದೆ ಬಚ್ಚಿಟ್ಟುಕೊಂಡಿದ್ದ, ಈಗ ಡ್ರಮ್ಮನ್ನೇ ನುಂಗಿದ ಹಾಗೆ ಹೊಟ್ಟೆ ಬಿಟ್ಟಿದ್ದಾನೆ. ಅವನು ಎಲ್ಲರಿಗೂ ಕೇಳೋ ಹಾಗೆ ಅಂತಿದ್ದ, "ಈಗಿನ ಹುಡುಗರು ಊದೋದಿಲ್ಲ ಕಣ್ರೋ, ಒಳಗೆ ಡಬ್ಬಿ ಇಟ್ಕೊಂಡಿರ್ತಾರೆ. ಒಂದು ದಿನಾನೂ ಸ್ವರ ಸೀಳಲ್ಲ, ನೋಡಿದ್ದೀರಾ? ಮನುಷ್ಯ ಊದಿದ್ರೆ ಸೀಳಬೇಕು."

ಅಲ್ಲಿ ಯಾವನೋ ಒಬ್ಬ ಮುದಿಗೂಬೆ ಕೂತಿತ್ತು. ಯಾರೋ. ನನಗೆ ಪರಿಚಯ ಇಲ್ಲ. ಅವನು ಎದ್ದ. "ಸೀಳದೇ ಇರೋದು ಯಾಕೆ ಗೊತ್ತಾ? ಅಲ್ಲಿ ಊದೋ ಹುಡುಗನ ಗುಂಡಿಗೆ ಹಾಗಿದೆ. ಅವನು ಕಲಿತದ್ದು ಹಾಗಿದೆ. ಅಂಥ ಉಸಿರು ಇನ್ನೊಬ್ಬನಿಗಿಲ್ಲ" ಅಂದ. ನಿನ್ನನ್ನೇ ಅಂದದ್ದು. ಹೂಂ, ನಿನ್ನನ್ನೇ! ನನಗೇ ನಾಚಿಕೆ ಆಯ್ತು, ಮನೇಲಿ ನಾನು ಒಂದು ದಿನ ಅಂಥ ಮಾತು... ಇರಲಿ. ಮುದುಕನಿಗೆ ಬುದ್ಧಿ ನೆಟ್ಟಗಿರಲಿಲ್ಲ ಅಂತ ಕಾಣುತ್ತೆ.

ಡೋಲಣ್ಣ ಬಿಡ್ತಾನಾ? "ಒಂದು ಚಾ ಪಂದ್ಯ" ಅಂದ. ಮುದುಕ "ಒಂದು ಚಾ ಯಾಕೆ, ಅಂಗಡಿಗೇ ಚಾ" ಅಂದ. ಡೋಲಣ್ಣ ಹಲ್ಲು ಕಿಸಿದು, "ಆ ಹುಡುಗನಿಗಾ ಉಸಿರು? ಎರಡು ಮೆಟ್ಟಿಲು ಹತ್ತಿದ್ರೆ ನಾಯಿ ಹಾಗೆ ತೇಕ್ತಾನೆ. ಮಾವ ಸೇರಿಸಿದ ಅಂತ ಬ್ಯಾಂಡಿಗೆ ಸೇರಿದ್ದು" ಅಂದ. ನೋಡು ಮಾತು! ಮುದುಕನ ಕಿವಿ ಕೆಂಪಗಾಯ್ತು. ಜೇಬಿಗೆ ಕೈ ಹಾಕಿ ಒಂದು ಬಟ್ಟೆ ಗಂಟು ತೆಗೆದು ಮೇಜಿನ ಮೇಲೆ ಕುಟ್ಟಿದ. "ಇದರಲ್ಲಿರೋದಷ್ಟೂ!" ಅಂದ. ಚಾ ಅಂಗಡಿಯವನು ಚಾ ಸೋಸೋದು ಬಿಟ್ಟು ನಿಂತ ಕಣೋ.

ಎಲ್ಲಾ ಹೋಗಿ ಕಂಬಿ ಹತ್ತಿರ ನಿಂತ್ವಿ. ಊದಿ ಮುಗಿಸಿದ ಮೇಲೆ ಎಂಜಲು ಸುರಿದ್ರೆ ಮುದುಕ ಗೆದ್ದ, ಸುರೀದಿದ್ರೆ ಡೋಲಣ್ಣ ಗೆದ್ದ. ಹಾಗಂತ ಮಾತು.

ಬಂದ್ರಿ ನೀವು. ಕೆಂಪು ಕೋಟು, ಬಿಳೀ ಪಟ್ಟಿ, ಫಳಫಳ ಬೂಟು. ಮುಂದೆ ಕುದುರೆಗಳು. ನೀನು ಬ್ಯೂಗಲ್ ಎತ್ತಿದೆ. ಮೊದಲ ಸ್ವರ ಬಂತು ನೋಡು... ಅಯ್ಯೋ, ಏನು ಹೇಳ್ಲಿ. ನೂಲು ಎಳೆದ ಹಾಗೆ! ಮೈಯೆಲ್ಲ ಜುಂ ಅಂತು. ಪಕ್ಕದಲ್ಲಿ ಯಾವನೋ ಫೋನಲ್ಲಿ ಫೋಟೋ ಹಿಡೀತಿದ್ದ, ಅವನ ಭುಜ ಹಿಡಿದು ಅಲುಗಿಸಿ, "ನಮ್ಮ ಅಳಿಯ ಕಣಯ್ಯಾ! ನಮ್ಮ ಅಳಿಯ!" ಅಂದೆ. ಕಣ್ಣಲ್ಲಿ ಧೂಳು ಬಿತ್ತು. ಕುದುರೆ ಧೂಳು.

ಆಮೇಲೆ ಮುಂದಿನವನ ಟೋಪಿ ತುರಾಯಿ ಗಾಳಿಗೆ ತೂಗಿ ನಿನ್ನ ಮೂಗಿಗೆ ಬಂತು. ನೀನು ಸೊಂಡಿಲು ಮಡಚಿದ ಹಾಗೆ ಮುಖ ಮಡಚಿದೆ. ಬೇಡ, ಬೇಡ, ಬೇಡ ಅಂತ ನಾನು... ಸೀನಿದೆ! ಸೊಂಟದ ತನಕ ಬಗ್ಗಿ ಸೀನಿದೆ! ಅದು ಕೂಗ್ತಾನೇ ಇದೆ! ನೀನು ಮೂಗು ಒರಸ್ಕೊಂಡೆ, ಅದು ಕೂಗ್ತಾ ಇದೆ! ಮತ್ತೆ ತುಟಿಗೆ ಇಟ್ಕೊಂಡೆ, ಮರ್ಯಾದಸ್ಥನ ಹಾಗೆ ಕೆನ್ನೆ ಉಬ್ಬಿಸಿದೆ! ಅದೇ, ಅದೇ ಕಣೋ ನನಗೆ ತಡೆಯೋಕ್ಕಾಗದೇ ಇದ್ದದ್ದು. ಸೀನು ಯಾರಿಗೆ ಬರಲ್ಲ? ಸೀನಿದ ಮೇಲೂ ಆ ಕೆನ್ನೆ ಉಬ್ಬಿಸಿದ್ಯಲ್ಲ, ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಹಾಗೆ... ಥೂ! ಮಕ್ಕಳು ಮರಿ ಎಲ್ಲಾ ಬಿದ್ದು ಬಿದ್ದು ನಕ್ರು. ಕುದುರೆ ಒಂದು ಬಿಟ್ಟು ಎಲ್ಲಾ ನಕ್ರು.

ಡೋಲಣ್ಣ ನಗಲಿಲ್ಲ. ಅದಕ್ಕೇ ಇನ್ನೂ ಉರೀತು. ಸುಮ್ನೆ ಕೈ ಚಾಚಿದ. ಮುದುಕ ಗಂಟು ಬಿಚ್ಚೋಕೆ ನೋಡ್ತಾನೆ, ಬರ್ತಿಲ್ಲ. ಹೆಣ್ಣುಮಕ್ಕಳು ಹಾಕಿದ ಗಂಟು, ಬಿಗಿ. ಬಾಯಿಗೆ ಹಾಕಿ ಕಚ್ಚಿ ಎಳೆಯೋಣ ಅಂದ್ರೆ ಮುಂದಿನ ಹಲ್ಲಿಲ್ಲ, ಬರೀ ವಸಡಿಗೆ...

ಏನು? ಯಾಕೆ ನಿಲ್ಲಿಸಿದೆ? ಬೂಟು ಉಜ್ಜು, ಉಜ್ಜು. ಯಾಕೆ ಹಾಗೆ ನೋಡ್ತೀಯ?

ಹಲ್ಲಿಲ್ಲದ ಮುದುಕರು ಊರಲ್ಲಿ ಎಷ್ಟೋ ಜನ ಇದ್ದಾರೆ!

...ಏನಾದ್ರೂ ಅನ್ನು ಮಾರಾಯ. ಬೈ ಬೇಕಾದ್ರೆ. ಆವಾಗಿಂದ ಎದುರುತ್ತರ ಕೊಡ್ತಿದ್ದೆ, ಈಗ ಏನು ಬಾಯಿಗೆ ಬೀಗ? ನಿನ್ನ ಡಬ್ಬಿಯಾದ್ರೂ ಕೂಗಿಸು.

ಹೌದು. ಬಾಗಿಲು ತೆಗೆದೇ ಇತ್ತು. ಡಾಕ್ಟ್ರು ಒಳಗೇ ಇದ್ದ. ನಾನು ಒಂದು ಚಾ ಕುಡಿದು ಹೋಗೋಣ ಅಂತ...

ಡೋಲಣ್ಣ ನನ್ನ ಬಗ್ಗೆ ಅಂದಿದ್ರೆ ಸುಮ್ನಿರ್ತಿದ್ದೆ. ನಿನ್ನ ಉಸಿರಿನ ಬಗ್ಗೆ ಅಂದ. ಆ ಉಸಿರು ನಾನು ಕಲಿಸಿದ್ದಲ್ವೇನೋ? ಹಿತ್ತಲಲ್ಲಿ ನೀರಿನ ಬಕೆಟ್ಟಿಗೆ ಮುಖ ಅದ್ದಿಸಿ ಅದ್ದಿಸಿ ಕಲಿಸಿದ್ದು. ಅದರ ಮೇಲೆ ಕಟ್ಟದೆ ಇನ್ಯಾವುದರ ಮೇಲೆ ಕಟ್ಲಿ? ನಾನು ಹಲ್ಲು ಕಟ್ಟಿಸ್ಕೊಂಡು ಏನು ಕಡಿಯೋದಿತ್ತು... ಮತ್ತೊಂದು ಸಲ ಊದಿ ನೋಡೋಣ ಅಂತಿತ್ತು, ಅಷ್ಟೇ. ಒಂದೇ ಒಂದು ಸಲ. ನಿನ್ನ ಪಕ್ಕದಲ್ಲಿ ನಿಂತು. ಹಿತ್ತಲಲ್ಲೇ ಆದ್ರೂ ಸರಿ.

ಹಾಗೆ ನೋಡಬೇಡ ಅಂದ್ನಲ್ಲ. ನಿನ್ನ ಮರುಕ ಯಾರಿಗೆ ಬೇಕು? ಆ ಡಬ್ಬಿ ಅತ್ಲಾಗಿಡು, ಅಸಹ್ಯ. ಅವಳಿಗೆ ನಾನೇ ಹೇಳ್ತೀನಿ... ಇಲ್ಲ, ನೀನು ಹೇಳು. ಹಲ್ಲಿನ ದುಡ್ಡು ಗಂಟು ಹಾಕಿ ಕೊಟ್ಟವಳು ಅವಳು, ಮೊತ್ತ ಅವಳಿಗೆ ಗೊತ್ತಿದೆ. ನಿನಗೆ ಗೊತ್ತಿರಲಿ ಅಂತ ಹೇಳ್ತೀನಿ. ಡೋಲಣ್ಣ ಬಸ್ಸಿನ ಚಿಲ್ಲರೇನೂ ಬಿಡಲಿಲ್ಲ, ಅದಕ್ಕೇ ನಡ್ಕೊಂಡು ಬಂದೆ. ಅದೂ ಸೇರಿಸಿ... ಹದಿನೆಂಟು ಸಾವಿರದ ನಾನೂರ ಅರವತ್ತು.