ಶಿವಾನಿಗೆ ಸಿಗದ ಕಪ್ಪುದ್ರವ್ಯ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯೋಪಾಧ್ಯಾಯರೇ, ಟೇಕಲ್ ಸುತ್ತಮುತ್ತಲಿಂದ ಬಂದಿರುವ ತಂದೆತಾಯಂದಿರೇ, ಊಟದ ವಾಸನೆ ಬಂದರೂ ಎದ್ದುಹೋಗದ ಸಭಿಕರೇ,

ಈ ಶಾಲೆಯ ವಿಜ್ಞಾನ ಶಿಕ್ಷಕಿಯಾದ ನನಗೆ ಕೊಟ್ಟಿರುವ ವಿಷಯ, ಭೌತವಿಜ್ಞಾನಕ್ಕೆ ಇನ್ನೂ ಉತ್ತರ ಸಿಗದ ಪ್ರಶ್ನೆಗಳು. ಒಂದೇ, ಎರಡೇ? ಕಾಲ ಯಾಕೆ ಮುಂದಕ್ಕೇ ಓಡುತ್ತದೆ? ಗೊತ್ತಿಲ್ಲ. ನಕ್ಷತ್ರಗಳ ಗುಂಪನ್ನು ಚದುರದಂತೆ ಹಿಡಿದಿಟ್ಟಿರುವ, ಕಣ್ಣಿಗೆ ಕಾಣದ ಕಪ್ಪುದ್ರವ್ಯ ಎಂಥದ್ದು? ಸ್ವಾಮಿ, ಅದೂ ಗೊತ್ತಿಲ್ಲ. ಹಾಗನ್ನುವುದಕ್ಕೇ ಇವತ್ತು ನನಗೆ ಮುಜುಗರ. ಯಾಕೆಂದರೆ ನನ್ನ ಹಿಂದಿನ ಬ್ಯಾನರಿನಲ್ಲಿ, 'ಕಪ್ಪುದ್ರವ್ಯ ಕಂಡುಹಿಡಿದ ನಮ್ಮೂರ ಹೆಮ್ಮೆಯ ಪುತ್ರಿ ಶಿವಾನಿ' ಎಂದು ನನ್ನ ಮಗಳ ಹೆಸರು ಅಚ್ಚಾಗಿದೆ.

ಹಳೆಯ ವಿದ್ಯಾರ್ಥಿ ಸಂಘದ ಮುನೇಶ್ ಬಂದು, 'ಮಗಳು ಏನ್ ಮಾಡ್ತಿದ್ದಾಳೆ ಮೇಡಂ?' ಅಂತ ಕೇಳಿದ. ಕಪ್ಪುದ್ರವ್ಯ ಹುಡುಕುತ್ತಿದ್ದಾಳೆ ಅಂದೆ. ಅವನು ಸನ್ಮಾನದ ಬ್ಯಾನರ್ ಮಾಡಿಸಲು ಪ್ರೆಸ್ಸಿಗೆ ಹೋಗುವಷ್ಟರಲ್ಲಿ ಅದು ಸಿಕ್ಕೇಬಿಟ್ಟಿತು! ಇರಲಿ, ನಗಬೇಡಿ, ಪ್ರೀತಿಯಿಂದಲೇ ಮಾಡಿದ್ದಾನೆ.

ಆದರೆ ನನ್ನ ಮಗಳು ಆರು ವರ್ಷದಿಂದ ನೆಲದಡಿಯ ಪ್ರಯೋಗಾಲಯದಲ್ಲಿ ಹುಡುಕಿದರೂ ಏನೂ ಸಿಕ್ಕಿಲ್ಲ. ಬೆಳಿಗ್ಗೆ ಬ್ಯಾನರ್ ನೋಡಿದವಳೇ, 'ಅಮ್ಮಾ, ನಾನು ಸ್ಟೇಜ್ ಹತ್ತಲ್ಲ. ವಾಪಸ್ ಲ್ಯಾಬಿಗೂ ಹೋಗಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?' ಅಂದಳು. ಈಗ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಿದ್ದಾಳೆ. ಇದನ್ನೆಲ್ಲ ಹೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು.

ನಮ್ಮಪ್ಪ ಕೋದಂಡಾಚಾರಿ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುತ್ತಿದ್ದವರು. ಒಡೆದು ಭಿನ್ನವಾದ ಮೂರ್ತಿ ಪೂಜೆಗೆ ಬರುವುದಿಲ್ಲ, ನಿಮಗೂ ಗೊತ್ತು. ಒಮ್ಮೆ ತಿಂಗಳುಗಟ್ಟಲೆ ಕೆತ್ತಿದ ಅಮ್ಮನವರ ಮೂಗು ಉಳಿಯ ಏಟಿಗೆ ಹಾರಿಹೋಯಿತು. ನಾವೆಲ್ಲ ಅತ್ತೆವು. ಅಪ್ಪ, 'ಪೋನೀಲೇ, ಹೋದ್ರೆ ಹೋಗ್ಲಿ' ಅಂತ ಬೀಡಿ ಹಚ್ಚಿದರು. ಆ ಕಲ್ಲನ್ನು ಬಚ್ಚಿಡಲಿಲ್ಲ, ಬೀದಿಗೆ ಕಾಣುವಂತೆ ಅಂಗಳದಲ್ಲೇ ನಿಲ್ಲಿಸಿದರು. 'ಈ ಬಿಳಿ ಗೆರೆ ಇರೋ ಕಲ್ಲು ಒಡೆಯುತ್ತೆ, ಯಾರೂ ತರಬೇಡಿ' ಅಂತ ಬಂದವರಿಗೆಲ್ಲ ತೋರಿಸಿದರು. ಮಾರನೆಯ ದಿನ ಬೇರೆ ಕಲ್ಲು ಹುಡುಕಲು ಹೊರಟರು.

ಶಿವಾನಿ ಮಾಡಿರುವುದೂ ಅದನ್ನೇ ಅಲ್ಲವೇ? ಇಲ್ಲಿ ಹುಡುಕಿದ್ದೇವೆ, ಇಲ್ಲಿಲ್ಲ, ಬೇರೆ ಕಡೆ ನೋಡಿ ಎಂದು ಜಗತ್ತಿಗೇ ಹೇಳಿದ್ದಾಳೆ. ಅಷ್ಟಕ್ಕೇ ಒಂದು ಶಾಲು ಹೊದಿಸಲು ನಿಮಗೆ ಮನಸ್ಸಿದೆಯೇ?

ಅಯ್ಯೋ, ಎದ್ದಳು. ಶಿವಾನಿ, ಹೋಗಬೇಡ ಕಣೇ! ಇಲ್ಲ, ಇಲ್ಲ, ಈ ಕಡೆಗೇ ಬರುತ್ತಿದ್ದಾಳೆ. ಮಕ್ಕಳೇ, ದಾರಿ ಬಿಡಿ. ಏನು ಸಿಗಲಿಲ್ಲ ಎನ್ನುವುದನ್ನು ಅವಳ ಬಾಯಲ್ಲೇ ಕೇಳಿ. ನನ್ನ ಗಾಬರಿಯನ್ನು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.