ಮುನ್ನೂರೈವತ್ತು ಪರ್ಸೆಂಟ್

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದು. ನನಗಿಂತ ಎರಡು ವರ್ಷ ದೊಡ್ಡವಳು, ಅಕ್ಕ ಅಂತಲೇ ಕರೆಯೋದು. ಸುಳ್ಳು ಹೇಳಿ ಅವಳಿಗೆ ಸಿಗೋದು ಏನೂ ಇಲ್ಲ. ನನಗೂ ಇಲ್ಲ. ಕೇಳಿ.

ಅಕ್ಕ ಒಂದು ಪ್ರೆಸ್ಸಿನಲ್ಲಿ ಔಷಧಿ ಬಾಟಲಿಗೆ ಅಂಟಿಸೋ ಲೇಬಲ್ ಮಾಡೋಳು. ಆ ರಾತ್ರಿ ಒಂಬತ್ತೂವರೆಗೆ ಕೆಲಸ ಮುಗೀತು. ಮಾನಿಟರಿನ ವೈರು ಕಿತ್ತು ಸುತ್ತಿಟ್ಟಳು. ಲ್ಯಾಪ್‌ಟಾಪನ್ನ ಬ್ಯಾಗಿಗೆ ಹಾಕಿ, ಮಹಡಿ ಬಾಗಿಲಿಗೆ ಬೀಗ ಜಡಿದು ಹೊರಟಳು. ಪ್ರೆಸ್ಸಿನ ಹಿಂದೆ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನ ದಾಟಿದರೇನೇ ಮನೆ ದಾರಿ. ಬೀದೀಲಿ ನರಪಿಳ್ಳೆ ಇಲ್ಲ. ಅವಳ ಚಪ್ಪಲಿ ಸದ್ದು ಮಾತ್ರ... ಚಟ್... ಚಟ್... ಚಟ್. ಬಾವಿ ಪಕ್ಕ ಬಂದಳು...

ಟುಣುಂಕ್.

ಸದ್ದು ಬ್ಯಾಗಿನೊಳಗಿಂದ.

ಅಕ್ಕ ನಿಂತುಬಿಟ್ಟಳು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪಿಗೆ ಮಾನಿಟರಿನ ವೈರು ಚುಚ್ಚಿದಾಗ ಬರೋ ಸದ್ದು ಅದು.

ಹದಿನೈದು ದಿನದಿಂದ ಆ ಮಾನಿಟರಿಂದ ಅವಳಿಗೆ ತಲೆ ಕೆಟ್ಟುಹೋಗಿತ್ತು. ಲ್ಯಾಪ್‌ಟಾಪಿನ ಪರದೆ ಅಂಗೈಯಗಲ, ಲೇಬಲ್ ಪೂರ್ತಿ ಹಿಡಿಸಲ್ಲ ಅಂತ ಯಜಮಾನರು ಉಗ್ರಾಣದಿಂದ ಒಂದು ಹಳೇ ದೊಡ್ಡ ಮಾನಿಟರ್ ತೆಗೆಸಿಕೊಟ್ಟಿದ್ದರು. ಜೋಡಿಸಿದರೆ ಅಕ್ಷರ ಇರುವೆ ಸಾಲು. ದೊಡ್ಡದು ಮಾಡಿದರೆ ಅರ್ಧ ಲೇಬಲ್ ಪರದೆಯಿಂದ ಆಚೆ. ರಿಪೇರಿಯವನು ಬಂದು ನೋಡಿ, "ಇದಕ್ಕೆ ಇರೋದೇ ಎರಡು ಅಳತೆ ಕಣಮ್ಮಾ. ನೂರು ಪರ್ಸೆಂಟ್, ಇಲ್ಲಾ ಇನ್ನೂರು. ಮಧ್ಯದ್ದೂ ಇಲ್ಲ, ಮೇಲಿನದ್ದೂ ಇಲ್ಲ. ಹೊಂದಿಕೊಂಡು ಹೋಗಿ," ಅಂದಿದ್ದ. ಸರಿ, ಅಕ್ಕ ನೂರರಲ್ಲೇ ಕಣ್ಣು ಕಿರಿದು ಮಾಡಿಕೊಂಡು ಕೆಲಸ ಮಾಡ್ತಿದ್ದಳು.

ಆದರೆ ಕೆಳಗೆ ಹೋಗಿ ನೀರು ಕುಡಿದು ಬರೋಷ್ಟರಲ್ಲಿ... ಪರದೆ ತುಂಬ ಒಂದೇ ಒಂದು ಪದ. ಅಕ್ಷರ ಒಂದೊಂದೂ ಗೇಣುದ್ದ. ಸೆಟ್ಟಿಂಗ್ ತೆಗೆದು ನೋಡಿದರೆ ಮುನ್ನೂರೈವತ್ತು ಅಂತ ಇರೋದು. ಕಣ್ಣು ಮಿಟುಕಿಸೋದರಲ್ಲಿ ಮತ್ತೆ ನೂರು.

ಅಕ್ಕನ ಅನುಮಾನ ಎಲ್ಲ ಮೆಷಿನ್ ಅಣ್ಣನ ಮೇಲೆ. ಕೆಳಗೆ ಮುದ್ರಣ ಯಂತ್ರ ಓಡಿಸೋನು. ಮೇಲಿನ ಕೋಣೆಗೆ ಇನ್ನೊಂದು ಬೀಗದ ಕೈ ಇದ್ದಿದ್ದು ಅವನ ಹತ್ತಿರ. ಸಾಲದ್ದಕ್ಕೆ ಬಾಯಿ ಬೇರೆ. "ಏನಮ್ಮಾ, ಇರುವೆ ಕಾಲು ಎಣಿಸ್ತಿದೀಯಾ?" ಅಂತ ದಿನಾ ರೇಗಿಸೋನು. ಇವನೇ ಆಟ ಆಡ್ತಿದಾನೆ ಅಂತ ಅಕ್ಕ ಯಜಮಾನರಿಗೆ ದೂರು ಕೊಟ್ಟಳು. ಅವನು ಮಗಳ ತಲೆ ಮುಟ್ಟಿ ಆಣೆ ಮಾಡ್ತೀನಿ ಅಂದ. ಯಜಮಾನರು ಕಿವಿಗೆ ಹಾಕಿಕೊಳ್ಳಲಿಲ್ಲ. "ಇನ್ನೊಂದು ಸಲ ಆದರೆ ನೀನು ಕೆಲಸಕ್ಕೆ ಬರಬೇಡ," ಅಂದರು. ಅದು ಆ ದಿನ ಸಂಜೆ ಆಗಿದ್ದು.

ಈಗ ಬಾವಿ ಹತ್ತಿರ ನಿಂತು ಅಕ್ಕ ಮೆಲ್ಲಗೆ ತಿರುಗಿ ನೋಡಿದಳು. ಅವಳ ಕೋಣೆ ಕಿಟಕಿ ಬೆಳ್ಳಗೆ ಉರೀತಿತ್ತು. ಮಾನಿಟರ್ ಇರೋದು ಕಿಟಕಿಗೆ ಎದುರಾಗಿ. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡು ಮೆಷಿನ್ ಅಣ್ಣನಿಗೆ ಫೋನ್ ಹಚ್ಚಿದಳು.

"ಎಲ್ಲಿದೀಯಾ?"

"ಮೆಲ್ಲಗೆ ಮಾತಾಡು..." ಅವನದು ಪಿಸುಮಾತು. "ಮಗಳಿಗೆ ಜ್ವರ. ಈಗಷ್ಟೇ ಮಲಗಿದಾಳೆ."

"ಮೇಲೆ ಬೆಳಕು ಯಾಕಿದೆ?"

"ಯಾವ ಬೆಳಕು? ನಾನು ಮನೇಲಿದೀನಿ ತಾಯಿ."

ಫೋನಿನಲ್ಲಿ ಮಗು ಕೆಮ್ಮಿತು. ಖೊಕ್... ಖೊಕ್. ಅವನ ಹೆಂಡತಿ "ಶ್ಶ್" ಅಂತ ಸಮಾಧಾನ ಮಾಡಿದ್ದೂ ಕೇಳಿಸಿತು.

ಮಾನಿಟರ್ ಅಲ್ಲಿ. ಲ್ಯಾಪ್‌ಟಾಪ್ ಅವಳ ಹೆಗಲ ಮೇಲೆ. ಆದರೂ ಆ ಪರದೆ ಮೇಲೆ ಕಾಣ್ತಿದ್ದಿದ್ದು ಅವಳ ಲೇಬಲ್ಲೇ. ಅಷ್ಟು ದೂರದಿಂದ, ಬಾವಿ ಕಟ್ಟೆ ಹತ್ತಿರದಿಂದ, ಕನ್ನಡಕ ಇಲ್ಲದೆ ಓದಬಹುದಾಗಿತ್ತು.

ಐದು ಚಮಚ.

ಅಷ್ಟೇ. ಎರಡೇ ಪದ.

ಅವಳು ಜಾಲರಿ ಮೇಲೆ ಬ್ಯಾಗಿಟ್ಟು ಜಿಪ್ ಎಳೆದಳು... ಕರ್ರ್ರ್. ಲ್ಯಾಪ್‌ಟಾಪ್ ತೆಗೆದು ಆ ದಿನ ಮಧ್ಯಾಹ್ನ ಮುಗಿಸಿ ಕೆಳಗೆ ಕಳಿಸಿದ್ದ ಲೇಬಲ್ ನೋಡಿದಳು. ಹಸುಗೂಸುಗಳಿಗೆ ಹಾಕೋ ಔಷಧಿ. ದೊಡ್ಡ ಮಕ್ಕಳ ಔಷಧಿಯ ಹಳೇ ಲೇಬಲ್ಲನ್ನೇ ತಿದ್ದಿ ಮಾಡಿದ್ದಳು. ಹೆಸರು ಬದಲಿಸಿದ್ದಳು, ಬಣ್ಣ ಬದಲಿಸಿದ್ದಳು. ಕೆಳಗಿನ ಸಾಲಲ್ಲಿ 'ಐದು ಹನಿ' ಅಂತ ಇರಬೇಕಾದ ಕಡೆ ಹಳೇ ಚಮಚ ಹಾಗೇ ಉಳಿದುಕೊಂಡಿತ್ತು. ನೂರು ಪರ್ಸೆಂಟಲ್ಲಿ ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಫೋನ್ ಇನ್ನೂ ಕಿವಿಯಲ್ಲೇ ಇತ್ತು. "ಅಣ್ಣಾ... ಬೆಳಿಗ್ಗೆ ಆ ಲೇಬಲ್ ಓಡಿಸಬೇಡ."

"ಸಂಜೇನೇ ಅದರ ಅಚ್ಚಿನ ಪ್ಲೇಟು ಮೆಷಿನ್ನಿಗೆ ಏರಿಸಿಬಿಟ್ಟಿದೀನಲ್ಲ. ಆರು ಗಂಟೆಗೆ ಶುರು."

"ಇಳಿಸು. ಕೂಸಿಗೆ ಐದು ಚಮಚ ಅಂತ ಬಿದ್ದಿದೆ."

ಮಗು ಮತ್ತೆ ಕೆಮ್ಮಿತು. ಆಮೇಲೆ ಅವನು ಮೆಲ್ಲಗೆ, "ಇಳಿಸ್ತೀನಿ," ಅಂದ.

ಅಕ್ಕ ತಲೆ ಎತ್ತಿದಳು. ಕಿಟಕಿ ಕತ್ತಲಾಗಿತ್ತು. ಅಲ್ಲಿಂದ ಮನೆವರೆಗೆ ಓಡಿದ್ದು ಹೇಗೆ ಅಂತ ಅವಳಿಗೇ ಗೊತ್ತಿಲ್ಲ.

ಬೆಳಿಗ್ಗೆ ಪ್ಲೇಟು ಇಳಿಸಿದರು. ಅಕ್ಕ ಯಜಮಾನರ ಎದುರಿಗೇ ಮೆಷಿನ್ ಅಣ್ಣನಿಗೆ, "ತಪ್ಪಾಯ್ತು, ನಿನ್ನ ಹೊಟ್ಟೆ ಮೇಲೆ ಹೊಡೆಯೋದರಲ್ಲಿದ್ದೆ," ಅಂದಳು. ಅವನು, "ಬಿಡಮ್ಮಾ, ಯಾವುದೋ ತಾಯಿ ಹೊಟ್ಟೆ ತಣ್ಣಗಿರಲಿ," ಅಂದ. ಆಮೇಲೆ ಮೂವರೂ ಮೇಲೆ ಹತ್ತಿದರು. ಬೀಗ ಹಾಕಿದ ಹಾಗೇ ಇತ್ತು. ವೈರು ಸುತ್ತಿಟ್ಟ ಹಾಗೇ ಇತ್ತು.

ಮಾನಿಟರಿನ ಗಾಜಿನ ಮೇಲೆ ಮಾತ್ರ ಒಂದು ಸುತ್ತು ಎಳೆದಿತ್ತು. ಪೆನ್ಸಿಲಿನಲ್ಲಿ. ಪಕ್ಕದಲ್ಲಿ ಕರಡು ತಿದ್ದೋರು ಹಾಕ್ತಾರಲ್ಲ, ಆ ಥರದ ಸಣ್ಣ ಕೊಕ್ಕೆ ಗುರುತು. ಯಜಮಾನರು ಅದನ್ನೇ ತುಂಬ ಹೊತ್ತು ನೋಡಿದರು. "ಇದು ತೀರಿಹೋದ ನಮ್ಮ ಕರಡು ತಿದ್ದೋರ ಮಾನಿಟರು," ಅಂದವರೇ ಕೆಳಗಿಳಿದು ಹೋದರು. ಆಮೇಲೆ ಇವತ್ತಿನವರೆಗೂ ಆ ಮಾತು ಎತ್ತಿಲ್ಲ.

ಪೆನ್ಸಿಲು ಗಾಜಿನ ಮೇಲೆ ಹತ್ತೋದಿಲ್ಲ, ನನಗೂ ಗೊತ್ತು. ಹೋದ ತಿಂಗಳು ನಾನೇ ಹೋಗಿದ್ದೆ. ಒದ್ದೆ ಬಟ್ಟೆ ತಗೊಂಡು ಇದೇ ಕೈಯಲ್ಲಿ ಉಜ್ಜಿದೀನಿ... ಅಳಿಸಲಿಲ್ಲ.