ಪುಣೆಗೆ ಹೋಗುವ ಪಾರ್ಸೆಲ್

ಬನ್ನಂಜೆಯ ಅಂಚೆ ಕಚೇರಿಯಲ್ಲಿ ಸರದಿ ಹನುಮಂತನ ಬಾಲದ ಹಾಗೆ ಬೆಳೆದಿತ್ತು. ದೋಹಾದಲ್ಲಿರುವ ಗಂಡನಿಗೆ ಕಳಿಸುವ ಪೊಟ್ಟಣ ಹಿಡಿದು ನಿಂತು ನಿಂತು ಹಫೀಝಾಳ ಕಾಲು ಸೋತಿತ್ತು. ಅವಳ ಮುಂದಿದ್ದ, ಕೊರಳಲ್ಲಿ ಸಣ್ಣ ಶಿಲುಬೆಯ ಹೆಂಗಸು ಒಂದು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟಳು.

“ಒಳಗೆ ಎಂತ ಉಂಟು ಆಂಟಿ?” ಗುಮಾಸ್ತ ಕೇಳಿದ.

“ವಿಡಿಯೋ ಗೇಮ್. ಮಗ ಆಡಿದ್ದು. ಆನ್‌ಲೈನಿನಲ್ಲಿ ಹರಾಜಿಗೆ ಹಾಕಿದ್ದೆ, ಪುಣೆಯವರೊಬ್ಬರು ತಗೊಂಡ್ರು.”

“ಮನೆ ನಂಬರೇ ಬರೆಯಲಿಲ್ಲ ನೀವು.”

“ಇರಲಿ.”

“ಇರಲಿ ಅಂದ್ರೆ? ಹೋದ ಸಲದ್ದು ಹಾಗೇ ವಾಪಸ್ ಬಂದಿತ್ತಲ್ವಾ?”

“ಬಂದಿತ್ತು. ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ನಿಂತು, ‘ಜೋವಿನ್, ಪಾರ್ಸೆಲ್ ಉಂಟು’ ಅಂತ ಕರೆದ.”

“ಜೋವಿನ್ ಯಾರು?”

“ಮಗ. ಅಕೌಂಟ್ ಅವನದ್ದು, ಹಾಗಾಗಿ ಕಳಿಸುವವರ ಹೆಸರೂ ಅವನದ್ದೇ.”

“ಹಾಗಾದ್ರೆ ನಂಬರ್ ಅವನನ್ನೇ ಕೇಳಿ ಮಾರಾಯ್ರೆ.”

“ಅವನು ತೀರಿಹೋಗಿ ವರ್ಷ ಆಯ್ತು. ಮನೆಯಲ್ಲಿ ಈಗ ಆ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ.”

ಗುಮಾಸ್ತ ಪೆಟ್ಟಿಗೆಯನ್ನು ಅವಳ ಕಡೆಗೆ ತಿರುಗಿಸಿಟ್ಟ. ಬೇಗ ಮುಗಿಸಿ ಎನ್ನಬೇಕೆಂದಿದ್ದ ಹಫೀಝಾ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

“ಅಲ್ಲಿ ಪುಣೆಯಲ್ಲಿ ಅವರು ಕಾಯ್ತಾ ಇರ್ತಾರೆ ಆಂಟಿ,” ಎಂದು ಗುಮಾಸ್ತ ಮೆತ್ತಗೆ ಹೇಳಿ ಪೆನ್ನು ಚಾಚಿದ.

ಮನೆ ನಂಬರ್ ಆ ಹೆಂಗಸಿಗೆ ಬಾಯಿಪಾಠವೇ ಇತ್ತು. ಎಲ್ಲೂ ನೋಡದೆ ಬರೆದಳು.

“ಇದೇ ಲಾಸ್ಟ್ ಗೇಮ್. ಇನ್ನು ವಾಪಸ್ ಬರುವುದಿಲ್ಲ ಅಲ್ವಾ?”

“ಇಲ್ಲ ಆಂಟಿ. ಇನ್ನು ಬರುವುದಿಲ್ಲ.”

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು.